ರಮಣರ ತೋಳಿನ ಗಂಟು: ಬೇಡ ಅನ್ನೋದಕ್ಕೂ ಮೊದಲು ಗೊತ್ತಿರಬೇಕು

ನಮ್ಮತ್ತೆಗೆ ಕ್ಯಾನ್ಸರ್ ಅಂತ ರಿಪೋರ್ಟ್ ಬಂದ ವಾರವೇ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಕೌಪೀನ ಉಟ್ಟು ಕೂತ ಬಿಳಿ ಗಡ್ಡದ ಮುದುಕರೊಬ್ಬರ ಫೋಟೋ, ಕೆಳಗೆ ನಾಲ್ಕು ಸಾಲು. ತಿರುವಣ್ಣಾಮಲೈನ ರಮಣ ಮಹರ್ಷಿಗಳಿಗೂ ತೋಳಿನಲ್ಲಿ ಕ್ಯಾನ್ಸರ್ ಗಂಟಾಗಿತ್ತು, ಅವರು ಡಾಕ್ಟರುಗಳನ್ನೆಲ್ಲ ವಾಪಸ್ ಕಳಿಸಿಬಿಟ್ಟರು, ದೇಹ ನಾನಲ್ಲ ಅಂತ ತಿಳಿದವರಿಗೆ ಔಷಧಿ ಯಾಕೆ ಬೇಕು ಅನ್ನೋದು ಅದರ ಸಾರಾಂಶ. ಕಳಿಸಿದ ಚಿಕ್ಕಪ್ಪನ ಉದ್ದೇಶ ಕೆಟ್ಟದ್ದೇನೂ ಆಗಿರಲಿಲ್ಲ. ಧೈರ್ಯ ತುಂಬೋಣ ಅಂತ ಕಳಿಸಿದ್ದರು. ಆದರೆ ಆ ಹೊತ್ತಿಗೆ ರೇಡಿಯೇಷನ್ ಮಾಡಿಸಬೇಕಾ ಬೇಡವಾ ಅಂತ ತೂಗಿ ನೋಡುತ್ತಿದ್ದ ಅತ್ತೆ ಅದನ್ನ ಎರಡು ಸಲ ಓದಿ, ಫೋನ್ ಕೆಳಗಿಟ್ಟು, ಅವರೇ ಬೇಡ ಅಂದಿದ್ದರೆ ನಮಗ್ಯಾಕೆ ಅಂದರು.

ನಾನು ಭಕ್ತನಲ್ಲ. ಬೆಂಗಳೂರಿನಿಂದ ಹುಣ್ಣಿಮೆಗೆ ಬಸ್ ಹತ್ತಿ ಗಿರಿ ಪ್ರದಕ್ಷಿಣೆಗೆ ಹೋಗುವ ಗೆಳೆಯರು ನನಗಿದ್ದಾರೆ, ಅವರ ಜೊತೆ ಒಂದು ಸಲ ಹೋಗಿ ಆಶ್ರಮದಲ್ಲಿ ಊಟ ಮಾಡಿ ಬಂದದ್ದು ಬಿಟ್ಟರೆ ರಮಣರ ಬಗ್ಗೆ ನನಗೆ ಗೊತ್ತಿದ್ದದ್ದು ಕಡಿಮೆ. ಆ ಫಾರ್ವರ್ಡ್ ನಿಜವಾ ಅಂತ ನೋಡೋಕೆ ಓದಲು ಶುರುಮಾಡಿದೆ. ಓದಿದ ಮೇಲೆ ಅನ್ನಿಸಿದ್ದು ಇಷ್ಟು: ಆ ಫಾರ್ವರ್ಡ್ ಸುಳ್ಳು. ರಮಣರ ತೋಳಿನ ಮೇಲೆ ಒಂದಲ್ಲ, ನಾಲ್ಕು ಸಲ ಕತ್ತಿ ಆಡಿದೆ. ಅವರು ಬೇಡ ಅಂದದ್ದು ಒಂದೇ ಒಂದನ್ನ. ಅದನ್ನೂ ಏನು ಬೇಡ ಅನ್ನುತ್ತಿದ್ದೇನೆ ಅಂತ ಪೂರ್ತಿ ಗೊತ್ತಿದ್ದು ಬೇಡ ಅಂದರು. ನಮ್ಮತ್ತೆಯಂಥವರಿಗೆ ಸಿಗದೇ ಹೋಗೋದು ಆ ಗೊತ್ತಿರುವಿಕೆ.

ಜನಿವಾರ ಎಸೆದ ಹುಡುಗ

ಅವರ ಮೂಲ ಹೆಸರು ವೆಂಕಟರಾಮನ್. ಹುಟ್ಟಿದ್ದು 1879ರ ಡಿಸೆಂಬರ್ 30ರಂದು, ಮದುರೈ ಕಡೆಯ ತಿರುಚ್ಚುಳಿ ಎಂಬ ಊರಿನಲ್ಲಿ. ಅಪ್ಪ ಸುಂದರಂ ಅಯ್ಯರ್ ವಕೀಲಿ ಮಾಡುತ್ತಿದ್ದವರು. ಹುಡುಗನಿಗೆ ಹನ್ನೆರಡು ವರ್ಷವಿದ್ದಾಗ ಅಪ್ಪ ತೀರಿಕೊಂಡರು, ಸಂಸಾರ ಚೂರಾಯಿತು, ಇವನನ್ನೂ ಅಣ್ಣನನ್ನೂ ಮದುರೈನ ಚಿಕ್ಕಪ್ಪನ ಮನೆಗೆ ಕಳಿಸಿದರು. ಓದಿನಲ್ಲಿ ಅಷ್ಟಕ್ಕಷ್ಟೇ. ಆಟ, ಕುಸ್ತಿ ಅಂದರೆ ಪ್ರಾಣ, ನಿದ್ದೆ ಮಾಡಿದರೆ ಎಬ್ಬಿಸೋದೇ ಕಷ್ಟ.

1896ರ ಜುಲೈನಲ್ಲಿ, ಹದಿನಾರನೇ ವಯಸ್ಸಿನಲ್ಲಿ, ಯಾವ ಕಾಯಿಲೆಯೂ ಇಲ್ಲದ ಆ ಹುಡುಗನಿಗೆ ಇದ್ದಕ್ಕಿದ್ದಂತೆ ಸಾಯುತ್ತಿದ್ದೇನೆ ಅನ್ನೋ ಭಯ ಹಿಡಿಯಿತು. ಯಾರನ್ನೂ ಕೂಗಲಿಲ್ಲ. ಹೆಣದ ಹಾಗೆ ಕೈಕಾಲು ಸೆಟೆಸಿ ಮಲಗಿ, ಈ ದೇಹ ಸತ್ತರೆ ಸಾಯೋದು ಯಾರು ಅಂತ ತನ್ನನ್ನೇ ಕೇಳಿಕೊಂಡ. ಮುಂದೆ ಐವತ್ತು ವರ್ಷ ಅವರು ಬಂದವರಿಗೆಲ್ಲ ಹೇಳಿದ್ದು ಸುತ್ತಿ ಬಳಸಿ ಅದೇ ಪ್ರಶ್ನೆಯನ್ನ.

ಆರು ವಾರದ ಬಳಿಕ ಮನೆ ಬಿಟ್ಟ. ಅಣ್ಣ ಕಾಲೇಜು ಫೀಸು ಕಟ್ಟಲು ಕೊಟ್ಟಿದ್ದ ಐದು ರೂಪಾಯಿಯಲ್ಲಿ ಮೂರನ್ನು ಮಾತ್ರ ತಗೊಂಡು, ಉಳಿದ ಎರಡನ್ನು ಒಂದು ಚೀಟಿಯ ಜೊತೆ ಇಟ್ಟು ಹೋದ. ಸ್ವಲ್ಪ ದೂರ ರೈಲು, ಸ್ವಲ್ಪ ದೂರ ನಡಿಗೆ, ನಡುವೆ ದುಡ್ಡು ಸಾಲದೆ ಕಿವಿಯ ಚಿನ್ನದ ಒಡವೆ ಅಡವಿಟ್ಟು, ಸೆಪ್ಟೆಂಬರ್ 1ರಂದು ತಿರುವಣ್ಣಾಮಲೈ ತಲುಪಿದ. ತಲೆ ಬೋಳಿಸಿಕೊಂಡ, ಉಳಿದ ಚಿಲ್ಲರೆ ಎಸೆದ, ಜನಿವಾರವನ್ನೂ ಕಿತ್ತು ಎಸೆದ.

ಅರುಣಾಚಲೇಶ್ವರ ದೇವಸ್ಥಾನದ ಸಾವಿರ ಕಂಬದ ಮಂಟಪದ ಕೆಳಗೆ ಪಾತಾಳ ಲಿಂಗ ಎಂಬ ಕತ್ತಲ ನೆಲಮಾಳಿಗೆ ಇದೆ. ಆ ಹುಡುಗ ಅಲ್ಲಿ ಕೂತು ಮೈಮರೆತ. ಹುಳ ಹುಪ್ಪಟೆ ತೊಡೆ ಕಡಿದು ಗಾಯ ಮಾಡಿದ್ದೂ ತಿಳಿಯಲಿಲ್ಲ. ಕೊನೆಗೆ ನೋಡಿದವರು ಅವನನ್ನು ಎತ್ತಿಕೊಂಡೇ ಹೊರಗೆ ತರಬೇಕಾಯಿತು. ರಮಣರು ದೇಹವನ್ನ ಲೆಕ್ಕಕ್ಕೇ ಇಡಲಿಲ್ಲ ಅನ್ನೋ ಕಥೆ ಶುರುವಾಗೋದು ಇಲ್ಲಿಂದ. ಆದರೆ ಇದು ಹದಿನಾರರ ಹುಡುಗನ ಕಥೆ. ಎಪ್ಪತ್ತರ ರಮಣರ ಕಥೆ ಬೇರೆ.

ಮುಂದೆ ಬೆಟ್ಟದ ಮೇಲಿನ ವಿರೂಪಾಕ್ಷ ಗುಹೆ, ಆಮೇಲೆ ಸ್ಕಂದಾಶ್ರಮ. 1907ರಲ್ಲಿ ಸಂಸ್ಕೃತ ಕವಿ ಕಾವ್ಯಕಂಠ ಗಣಪತಿ ಮುನಿ ಅವರನ್ನು ರಮಣ ಮಹರ್ಷಿ ಅಂತ ಕರೆದರು, ಆ ಹೆಸರೇ ನಿಂತಿತು. ಅಮ್ಮ ಅಳಗಮ್ಮಾಳ್ ಮಗನನ್ನು ಹುಡುಕಿಕೊಂಡು ಬಂದು ಕೊನೆಗೆ ಅಲ್ಲೇ ಉಳಿದರು. ಅಡಿಗೆಮನೆ ನಡೆಸಿದರು. ಈರುಳ್ಳಿ ಮುಟ್ಟದ ಅವರ ಮಡಿಯನ್ನು ಮಗ ನಗುನಗುತ್ತಲೇ ಚುಡಾಯಿಸುತ್ತಿದ್ದ. 1922ರಲ್ಲಿ ಅಮ್ಮ ತೀರಿಕೊಂಡಾಗ ಬೆಟ್ಟದ ಬುಡದಲ್ಲಿ ಸಮಾಧಿ ಮಾಡಿದರು. ಈಗಿನ ರಮಣಾಶ್ರಮ ಬೆಳೆದದ್ದು ಆ ಸಮಾಧಿಯ ಸುತ್ತ. ಪಾಲ್ ಬ್ರಂಟನ್ 1934ರಲ್ಲಿ ಬರೆದ ಪುಸ್ತಕದಿಂದ ಯುರೋಪಿಗೆ ಹೆಸರು ಹೋಯಿತು. 1938ರಲ್ಲಿ ಸಾಮರ್‌ಸೆಟ್ ಮಾಮ್ ಬಂದು ಹೋದರು.

ಎಲ್ಲರಿಗೂ ಅಷ್ಟೇ, ನನಗೂ ಅಷ್ಟೇ

ಈ ಭಾಗವನ್ನ ಓದುವಾಗ ನನ್ನೊಳಗಿನ ರಾಜಕೀಯ ಮನುಷ್ಯ ಎಚ್ಚರವಾದ. ರಮಣಾಶ್ರಮದ ಊಟದ ಹಾಲಿನಲ್ಲಿ ಬ್ರಾಹ್ಮಣರು ಒಂದು ಕಡೆ, ಉಳಿದವರು ಇನ್ನೊಂದು ಕಡೆ ಕೂರುತ್ತಿದ್ದರು, ನಡುವೆ ತಡಿಕೆ ಇತ್ತು. ಎರಡೂ ಕಡೆಗೆ ಕಾಣುವಂತೆ ರಮಣರು ಕೂರುತ್ತಿದ್ದರು. ಜನಿವಾರ ಎಸೆದ ಮನುಷ್ಯ ಆ ತಡಿಕೆಯನ್ನ ಯಾಕೆ ಎಸೆಯಲಿಲ್ಲ? ಬಂದವರ ಮನಸ್ಸು ನೋಯಬಾರದು ಅಂತ ಭಕ್ತರು ಸಮಜಾಯಿಷಿ ಕೊಡುತ್ತಾರೆ. ತಡಿಕೆಯ ಆಚೆ ಕೂತವರ ಮನಸ್ಸಿನ ಲೆಕ್ಕ ಆ ಸಮಜಾಯಿಷಿಯಲ್ಲಿ ಇಲ್ಲ. ಅದೇ ಹೊತ್ತಿಗೆ ತಮಿಳುನಾಡಿನಲ್ಲಿ ಪೆರಿಯಾರ್ ಚಳವಳಿ ನಡೆದಿತ್ತು ಅನ್ನೋದನ್ನ ನೆನಪಿಟ್ಟುಕೊಂಡರೆ ಈ ಮೌನ ಇನ್ನೂ ಎದ್ದು ಕಾಣುತ್ತದೆ.

ಆದರೆ ಅದೇ ಹಾಲಿನಲ್ಲಿ ಇನ್ನೊಂದು ನಿಯಮವೂ ನಡೆಯುತ್ತಿತ್ತು. ತನ್ನ ಎಲೆಗೆ ಬೇರೆಯವರಿಗಿಂತ ಒಂದು ತುತ್ತು ಹೆಚ್ಚು ಬಡಿಸಲು ರಮಣರು ಬಿಡುತ್ತಿರಲಿಲ್ಲ. ಯಾರಾದರೂ ಅವರಿಗೆಂದೇ ಏನಾದರೂ ವಿಶೇಷ ತಂದರೆ ಎಲ್ಲರಿಗೂ ಹಂಚಿ ಅನ್ನುತ್ತಿದ್ದರು. ಮೈಗೆ ಒಳ್ಳೆಯದು ಅಂತ ಟಾನಿಕ್ ತಂದು ಕೊಟ್ಟಾಗಲೂ ಅದೇ ಮಾತು. ತನಗೆ ಒಳ್ಳೆಯದಾದರೆ ಎಲ್ಲರಿಗೂ ಒಳ್ಳೆಯದೇ ತಾನೇ ಅನ್ನೋ ಸರಳ ತರ್ಕ. ಬೆಳಗಿನ ಜಾವ ಎದ್ದು ಅಡಿಗೆಮನೆಯಲ್ಲಿ ತರಕಾರಿ ಹೆಚ್ಚಲು ಕೂರುತ್ತಿದ್ದ ಕಾಲವೂ ಇತ್ತು. ಈ ನಿಯಮವನ್ನ ನೆನಪಿಡಿ, ಕೊನೆಗೆ ಇದಕ್ಕೇ ವಾಪಸ್ ಬರುತ್ತೇನೆ.

1948ರ ಕೊನೆ, ಎಡ ಮೊಣಕೈ

1948ರ ಕೊನೆಯ ಹೊತ್ತಿಗೆ ರಮಣರ ಎಡ ಮೊಣಕೈ ಬಳಿ ಚರ್ಮದ ಕೆಳಗೆ ಒಂದು ಸಣ್ಣ ಗಂಟು ಕಾಣಿಸಿಕೊಂಡಿತು. ಆಗ ಅವರಿಗೆ ಅರವತ್ತೊಂಬತ್ತು. ಗಂಟನ್ನ ಅವರೇನೂ ದೊಡ್ಡದು ಮಾಡಲಿಲ್ಲ, ನೋಡಿದ ಡಾಕ್ಟರುಗಳಿಗೂ ಅದು ಚಿಕ್ಕ ವಿಷಯವಾಗೇ ಕಂಡಿತು. 1949ರ ಫೆಬ್ರವರಿಯಲ್ಲಿ ಆಶ್ರಮದಲ್ಲೇ ಕತ್ತರಿಸಿ ತೆಗೆದರು. ಹೊಲಿಗೆ ಒಣಗಿತು, ಎಲ್ಲರೂ ಮರೆತರು.

ತಿಂಗಳು ಕಳೆಯೋದರೊಳಗೆ ಗಂಟು ಅದೇ ಜಾಗದಲ್ಲಿ ವಾಪಸ್ ಬಂತು. ಈ ಸಲ ದೊಡ್ಡದಾಗಿ, ನೋವಿನ ಜೊತೆಗೆ. ಮಾರ್ಚ್ ಕೊನೆಯಲ್ಲಿ ಮದ್ರಾಸಿನಿಂದ ಸರ್ಜನ್ ರಾಘವಾಚಾರಿ ತಮ್ಮ ತಂಡದ ಜೊತೆ ಬಂದು ಎರಡನೇ ಸಲ ಆಪರೇಷನ್ ಮಾಡಿದರು. ತೆಗೆದ ಮಾಂಸವನ್ನ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ತಿಳಿಯಿತು: ಸಾರ್ಕೋಮಾ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ರಮಣರ ತೋಳಿನಲ್ಲಿ ಆದದ್ದು ಇವತ್ತಿಗೂ ನಮ್ಮ ತಾಲ್ಲೂಕುಗಳ ಮೈನರ್ ಥಿಯೇಟರುಗಳಲ್ಲಿ ಆಗುತ್ತಿದೆ.

ಮೂಳೆ, ಒಳಗಿನ ಅಂಗಾಂಗಗಳನ್ನ ಬಿಟ್ಟು ನಮ್ಮ ಮೈಯನ್ನ ಹಿಡಿದಿಟ್ಟಿರುವ ಕೊಬ್ಬು, ಸ್ನಾಯು, ನರ, ರಕ್ತನಾಳ, ಇವುಗಳನ್ನು ಜೋಡಿಸುವ ನಾರು, ಇದೆಲ್ಲವನ್ನ ಡಾಕ್ಟರುಗಳು ಮೃದು ಅಂಗಾಂಶ ಅನ್ನುತ್ತಾರೆ. ಇದರಲ್ಲಿ ಏಳುವ ಗಂಟುಗಳಲ್ಲಿ ಬಹುಪಾಲು ನಿರುಪದ್ರವಿ. ಕೊಬ್ಬಿನ ಗಂಟು, ಅಂದರೆ ಲಿಪೋಮಾ, ಬೆರಳಿಟ್ಟರೆ ಮೆತ್ತಗೆ ಜಾರುತ್ತದೆ, ವರ್ಷಗಟ್ಟಲೆ ಹಾಗೇ ಇರುತ್ತದೆ. ಮಣಿಕಟ್ಟಿನ ಮೇಲೆ ಏಳುವ ನೀರುಗಂಟು, ಚರ್ಮದಡಿಯ ಬಿಳಿ ಹಿಟ್ಟಿನಂಥದ್ದು ತುಂಬಿದ ಗಂಟು, ಇವೂ ಹೆದರಬೇಕಾದವಲ್ಲ. ನೂರು ಗಂಟುಗಳಲ್ಲಿ ಒಂದೂ ಸಾರ್ಕೋಮಾ ಆಗಿರಲಿಕ್ಕಿಲ್ಲ. ದೊಡ್ಡವರಿಗೆ ಬರುವ ಎಲ್ಲ ಕ್ಯಾನ್ಸರುಗಳಲ್ಲೂ ಮೃದು ಅಂಗಾಂಶದ ಸಾರ್ಕೋಮಾದ ಪಾಲು ಸುಮಾರು ಶೇ. 1 ಅಷ್ಟೇ. ಹಾಗಾಗಿ ಗಂಟು ಕಂಡ ಕೂಡಲೇ ಕ್ಯಾನ್ಸರ್ ಅಂತ ನಿದ್ದೆಗೆಡುವ ಅಗತ್ಯ ಇಲ್ಲ. ಅಪಾಯ ಇರೋದೂ ಈ ಅಪರೂಪದಲ್ಲೇ. ಒಬ್ಬ ಡಾಕ್ಟರ್ ತನ್ನ ಜೀವಮಾನದಲ್ಲಿ ನೂರಾರು ಕೊಬ್ಬಿನ ಗಂಟು ತೆಗೆದಿರುತ್ತಾರೆ, ಸಾರ್ಕೋಮಾ ಒಂದೋ ಎರಡೋ ಸಿಕ್ಕಿರುತ್ತದೆ. ಆ ಒಂದು ಸಿಕ್ಕ ದಿನವೂ ಅದು ಕೊಬ್ಬಿನ ಗಂಟಿನ ಹಾಗೇ ಕಂಡಿರುತ್ತದೆ.

ಹಾಗಾದರೆ ಯಾವಾಗ ಅನುಮಾನ ಪಡಬೇಕು? ಗಂಟು 5 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ. ವಾರ, ತಿಂಗಳುಗಳಲ್ಲಿ ಬೆಳೆಯುತ್ತಿದ್ದರೆ. ಚರ್ಮದಡಿಯಲ್ಲಿ ಓಡಾಡದೆ ಆಳದಲ್ಲಿ, ಸ್ನಾಯುವಿಗೆ ಅಂಟಿಕೊಂಡ ಹಾಗಿದ್ದರೆ. ನೋವು ಶುರುವಾದರೆ. ಒಮ್ಮೆ ತೆಗೆದ ಮೇಲೆ ಅದೇ ಜಾಗದಲ್ಲಿ ಮತ್ತೆ ಬಂದರೆ. ಇವುಗಳಲ್ಲಿ ಒಂದಿದ್ದರೂ ಗಂಟನ್ನ ಹಾಗೇ ಬಿಡುವಂತಿಲ್ಲ, ಪರೀಕ್ಷೆ ಮಾಡದೆ ಕತ್ತರಿಸುವಂತೆಯೂ ಇಲ್ಲ. ಹಾಗಂತ ಈ ಪಟ್ಟಿಯೇ ಕೊನೆಯಲ್ಲ. ನಮ್ಮಲ್ಲಿ ನೋವಿಲ್ಲ ಅಂದರೆ ಭಯವಿಲ್ಲ ಅಂತ ನಂಬಿಕೆ ಇದೆ, ಆದರೆ ಎಷ್ಟೋ ಸಾರ್ಕೋಮಾಗಳು ನೋಯೋದೇ ಇಲ್ಲ. ರಮಣರ ಗಂಟು ಮೊದಲಿಗೆ ಸಣ್ಣದೇ ಇತ್ತು, ಚರ್ಮದ ಕೆಳಗೇ ಇತ್ತು. ಮೊದಲ ದಿನ ಈ ಪಟ್ಟಿ ಹಿಡಿದು ನೋಡಿದ್ದರೂ ಅದು ಪಾಸಾಗಿಬಿಡುತ್ತಿತ್ತು. ಅದರ ಗುಟ್ಟು ಬಿಟ್ಟುಕೊಟ್ಟದ್ದು ವಾಪಸ್ ಬಂದದ್ದೇ.

ಯಾಕೆ ವಾಪಸ್ ಬರುತ್ತದೆ ಅನ್ನೋದೂ ತಿಳಿಯಬೇಕಾದ ಸಂಗತಿ. ನಿರುಪದ್ರವಿ ಗಂಟು ತನ್ನ ಗಡಿಯೊಳಗೇ ಇರುತ್ತದೆ. ಸಾರ್ಕೋಮಾಕ್ಕೂ ಸುತ್ತ ಒಂದು ಸಿಪ್ಪೆ ಇದ್ದ ಹಾಗೆ ಕಾಣುತ್ತದೆ, ಬೆರಳಿನಿಂದ ಬಿಡಿಸಿದರೆ ಬಟಾಣಿ ಸುಲಿದ ಹಾಗೆ ಹೊರಗೆ ಬಂದೂಬಿಡುತ್ತದೆ. ಆದರೆ ಆ ಸಿಪ್ಪೆ ನಿಜವಾದ ಗಡಿಯಲ್ಲ. ಗಂಟು ಬೆಳೆಯುತ್ತಾ ಅಕ್ಕಪಕ್ಕದ ಮಾಂಸವನ್ನ ಒತ್ತಿ ಆದ ಪದರ ಅದು, ಅದರೊಳಗೂ ಅದರಾಚೆಗೂ ಕ್ಯಾನ್ಸರ್ ಕೋಶಗಳು ಇರುತ್ತವೆ. ಸುಲಿದು ತೆಗೆದರೆ ಅವು ಅಲ್ಲೇ ಉಳಿಯುತ್ತವೆ. ಅದಕ್ಕೇ ಸಾರ್ಕೋಮಾವನ್ನ ಸುತ್ತಲಿನ ಒಂದಿಷ್ಟು ಒಳ್ಳೆ ಮಾಂಸದ ಸಮೇತ ತೆಗೆಯಬೇಕು. ಅದಕ್ಕೂ ಮೊದಲು ಅದು ಸಾರ್ಕೋಮಾ ಅಂತ ಗೊತ್ತಿರಬೇಕು.

ಕೈಯಿಂದ ಮುಟ್ಟಿ ಇದನ್ನ ಖಚಿತವಾಗಿ ಹೇಳೋಕೆ ಯಾರಿಗೂ ಆಗಲ್ಲ. ಸ್ಕ್ಯಾನಿಂಗ್ ಮೊದಲ ಸುಳಿವು ಕೊಡುತ್ತದೆ, ಎಂಆರ್‌ಐ ಗಂಟು ಎಷ್ಟು ಆಳದಲ್ಲಿದೆ, ಯಾವುದಕ್ಕೆ ತಾಗಿದೆ ಅಂತ ತೋರಿಸುತ್ತದೆ. ಆದರೆ ತೀರ್ಪು ಕೊಡೋದು ಬಯಾಪ್ಸಿ. ದಪ್ಪ ಸೂಜಿಯಿಂದ ಗಂಟಿನ ಒಂದೆರಡು ಎಳೆ ತೆಗೆದು, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ಪ್ಯಾಥಾಲಜಿಸ್ಟ್ ನೋಡುತ್ತಾರೆ. ತೆಳು ಸೂಜಿಯ ಪರೀಕ್ಷೆ ಅಗ್ಗ, ಬೇಗ ಆಗುತ್ತದೆ. ಆದರೆ ಅದರಲ್ಲಿ ಬಿಡಿ ಕೋಶಗಳು ಮಾತ್ರ ಸಿಗುವುದರಿಂದ ಸಾರ್ಕೋಮಾ ವಿಷಯದಲ್ಲಿ ಎಷ್ಟೋ ಸಲ ಸಾಲದು. ಸೂಜಿ ಎಲ್ಲಿ ಚುಚ್ಚಬೇಕು ಅನ್ನೋದಕ್ಕೂ ಲೆಕ್ಕ ಇದೆ. ಮುಂದೆ ಆಪರೇಷನ್ ಆದರೆ ಸೂಜಿ ಹೋದ ದಾರಿಯನ್ನೂ ಸೇರಿಸಿ ತೆಗೆಯುವ ಹಾಗಿರಬೇಕು. ಇನ್ನು ಅನುಮಾನವೇ ಬರದೆ ಗಂಟು ತೆಗೆದಾಗಿದೆ ಅನ್ನಿ. ಆಗ ಅದನ್ನ ಫಾರ್ಮಲಿನ್ ಡಬ್ಬಿಗೆ ಹಾಕಿ ಲ್ಯಾಬಿಗೆ ಕಳಿಸೋದು ಕನಿಷ್ಠ ಕೆಲಸ. ಕಸದ ಬುಟ್ಟಿಗೆ ಹೋದ ಗಂಟು ಮತ್ತೆ ಯಾರಿಗೂ ಉತ್ತರ ಕೊಡಲ್ಲ.

ಬೇಡ ಅಂದದ್ದು ಯಾವುದನ್ನ

ಸಾರ್ಕೋಮಾ ಅಂತ ತಿಳಿದ ಮೇಲೆ ಡಾಕ್ಟರುಗಳು ರಮಣರ ಮುಂದೆ ವಿಷಯ ಮುಚ್ಚಿಡಲಿಲ್ಲ. ಗಾಯ ಒಣಗುತ್ತಿರಲಿಲ್ಲ, ಗಂಟು ಮತ್ತೆ ಬೆಳೆಯುತ್ತಿತ್ತು. ತೋಳನ್ನೇ ತೆಗೆದರೆ ಜೀವ ಉಳಿಯುವ ಸಾಧ್ಯತೆ ಇದೆ ಅಂದರು. ರಮಣರು ಒಪ್ಪಲಿಲ್ಲ. ದೇಹವೇ ಒಂದು ಕಾಯಿಲೆ, ಅದು ತನ್ನ ಪಾಡಿಗೆ ಮುಗಿಯಲಿ, ಅದಕ್ಕಾಗಿ ಕೈ ಯಾಕೆ ಕತ್ತರಿಸಬೇಕು, ಗಾಯ ಕಟ್ಟುತ್ತಾ ಹೋದರೆ ಸಾಕು ಅನ್ನೋ ಅರ್ಥದಲ್ಲಿ ನಗುತ್ತಲೇ ಉತ್ತರಿಸಿದರು.

ಫಾರ್ವರ್ಡ್ ಮಾಡುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಕಥೆ ನಿಲ್ಲಲಿಲ್ಲ. ಗಾಯಕ್ಕೆ ರೇಡಿಯಂ ಚಿಕಿತ್ಸೆ ಆಯಿತು. ಗಂಟು ವಾಸಿ ಮಾಡುತ್ತಾರೆ ಅಂತ ಹೆಸರಾಗಿದ್ದ ಹಳ್ಳಿಯ ನಾಟಿ ವೈದ್ಯರು ಬಂದು ಸೊಪ್ಪು ಕಟ್ಟಿದರು. 1949ರ ಆಗಸ್ಟ್‌ನಲ್ಲಿ ಮದ್ರಾಸಿನ ಡಾಕ್ಟರುಗಳಿಂದ ಮೂರನೇ ಆಪರೇಷನ್, ಡಿಸೆಂಬರ್‌ನಲ್ಲಿ ಗಂಟು ತೋಳಿನ ಮೇಲ್ಭಾಗಕ್ಕೆ ಹತ್ತಿದ ಮೇಲೆ ನಾಲ್ಕನೆಯದು. ಅದೂ ಫಲ ಕೊಡದಿದ್ದಾಗ ಹೋಮಿಯೋಪಥಿ, ಆಯುರ್ವೇದ. ತಾನಾಗಿ ಯಾವುದನ್ನೂ ಕೇಳಿದವರಲ್ಲ, ಪ್ರೀತಿಯಿಂದ ಮಾಡಲು ಬಂದವರನ್ನ ತಡೆದವರೂ ಅಲ್ಲ.

ತೋಳು ತೆಗೆಸಿದ್ದರೆ ಬದುಕುತ್ತಿದ್ದರಾ? ಯಾರೂ ಆಣೆ ಇಟ್ಟು ಹೇಳೋ ಹಾಗಿಲ್ಲ. ಸಾರ್ಕೋಮಾ ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗುವ ಜಾತಿಯದು, ತೋಳು ತೆಗೆದ ಮೇಲೂ ಸತ್ತವರಿದ್ದಾರೆ. ಆ ಕಾಲದಲ್ಲಿ ಕೈಕಾಲಿನ ಸಾರ್ಕೋಮಾಕ್ಕೆ ಕತ್ತರಿಸೋದೇ ಮುಖ್ಯ ದಾರಿಯಾಗಿತ್ತು. ಅದು ಬದಲಾಗಲು ಮೂರು ದಶಕ ಬೇಕಾಯಿತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸರ್ಜನ್ ಸ್ಟೀವನ್ ರೋಸನ್‌ಬರ್ಗ್ ಮತ್ತು ಸಂಗಡಿಗರು 43 ರೋಗಿಗಳನ್ನ ಎರಡು ಗುಂಪು ಮಾಡಿ, 16 ಜನರಿಗೆ ಅಂಗವನ್ನೇ ಕತ್ತರಿಸಿ, 27 ಜನರಿಗೆ ಗಂಟು ಮಾತ್ರ ತೆಗೆದು ರೇಡಿಯೇಷನ್ ಕೊಟ್ಟು ಹೋಲಿಸಿದರು. 1982ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಬದುಕುಳಿಯುವ ಪ್ರಮಾಣದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಇವತ್ತು ಹೆಚ್ಚಿನವರ ಕೈಕಾಲು ಉಳಿಯುತ್ತಿರೋದು ಇಂಥ ಕೆಲಸದಿಂದ. ಅಂದರೆ ರಮಣರ ಮುಂದೆ 1949ರಲ್ಲಿದ್ದ ಆಯ್ಕೆ ನಮ್ಮತ್ತೆಯ ಮುಂದಿದ್ದ ಆಯ್ಕೆ ಅಲ್ಲವೇ ಅಲ್ಲ. ಅವರಿಗೆ ತೋಳೋ ಜೀವವೋ ಅನ್ನೋ ಪ್ರಶ್ನೆ ಇತ್ತು, ಅದರಲ್ಲೂ ಜೀವದ ಗ್ಯಾರಂಟಿ ಇರಲಿಲ್ಲ. ಅತ್ತೆಗೆ ತೋಳೂ ಉಳಿಸಿ ಜೀವವೂ ಉಳಿಸುವ ದಾರಿ ಇತ್ತು. ಎಪ್ಪತ್ತು ವರ್ಷ ಹಿಂದಿನ ಒಬ್ಬರ ಬೇಡವನ್ನ ಇವತ್ತಿನ ಒಬ್ಬ ಹೆಂಗಸಿನ ತಲೆಗೆ ಕಟ್ಟೋದು ಅಧ್ಯಾತ್ಮ ಅಲ್ಲ, ಅನ್ಯಾಯ.

ಇನ್ನೊಂದು ಮಾತು. ರಮಣರ ನಿರಾಕರಣೆಗೆ ಬೆಲೆ ಬರೋದೇ ಅದು ಗೊತ್ತಿದ್ದು ಮಾಡಿದ್ದರಿಂದ. ಗಂಟು ಏನು ಅಂತ ಅವರಿಗೆ ಹೇಳಲಾಗಿತ್ತು, ದಾರಿಗಳೇನು ಅಂತಲೂ ಹೇಳಲಾಗಿತ್ತು, ಸರ್ಜನ್ನುಗಳು ಅವರಿದ್ದಲ್ಲಿಗೇ ಬಂದಿದ್ದರು. ಇದೆಲ್ಲ ಇದ್ದಾಗ ಬೇಡ ಅನ್ನೋದು ಒಬ್ಬ ಮನುಷ್ಯನ ಹಕ್ಕು, ಅದನ್ನ ನಾನು ಗೌರವಿಸುತ್ತೇನೆ. ಏನೂ ಗೊತ್ತಿಲ್ಲದೆ, ಏನೂ ಸಿಗದೆ ಸುಮ್ಮನಿರೋದಕ್ಕೆ ನಿರಾಕರಣೆ ಅನ್ನೋ ಹೆಸರು ಕೊಡೋಕಾಗಲ್ಲ. ಬಡವರು ಚಿಕಿತ್ಸೆ ಬಿಡುತ್ತಾರೆ ಅಂತ ನಾವು ಸಲೀಸಾಗಿ ಹೇಳುತ್ತೇವೆ. ಚಿಕಿತ್ಸೆ ಅವರ ಬಾಗಿಲಿಗೆ ಬಂದಿತ್ತಾ ಅಂತ ಕೇಳಲ್ಲ.

ಕೊನೆಯ ಸಾಲು

1950ರ ಮೊದಲ ತಿಂಗಳುಗಳಲ್ಲಿ ರಮಣರು ಒಂದು ಸಣ್ಣ ಕೋಣೆಯಲ್ಲಿ ಮಲಗಿದ್ದರು. ನೋವಿರಲಿಲ್ಲ ಅಂತಲ್ಲ. ನೋವಿದೆ ಅನ್ನೋದನ್ನ ಅವರೇ ಅಲ್ಲಗಳೆಯುತ್ತಿರಲಿಲ್ಲ. ಹೊರಗೆ ದರ್ಶನಕ್ಕೆ ಬಂದವರ ಸಾಲು ದಿನದಿನಕ್ಕೂ ಉದ್ದವಾಗುತ್ತಿತ್ತು. ಅವರಿಗೆ ವಿಶ್ರಾಂತಿ ಬೇಕು, ದರ್ಶನ ನಿಲ್ಲಿಸೋಣ ಅಂದರೆ ಒಪ್ಪುತ್ತಿರಲಿಲ್ಲ. ಬಂದವರೆಲ್ಲ ನೋಡಿಕೊಂಡು ಹೋಗಲಿ ಅನ್ನೋದೇ ಹಟ. ಏಪ್ರಿಲ್ 14ರ ಸಂಜೆಯೂ ಆ ಸಾಲು ಬಾಗಿಲ ಮುಂದೆ ಹಾದುಹೋಯಿತು. ರಾತ್ರಿ 8.47ಕ್ಕೆ ಉಸಿರು ನಿಂತಿತು. ಫ್ರೆಂಚ್ ಫೋಟೋಗ್ರಾಫರ್ ಆನ್ರಿ ಕಾರ್ತಿಯೇ ಬ್ರೆಸೋಂ ಆಗ ತಿರುವಣ್ಣಾಮಲೈನಲ್ಲೇ ಇದ್ದರು, ಆ ಹೊತ್ತಿಗೆ ಆಕಾಶದಲ್ಲಿ ಉಲ್ಕೆಯೊಂದು ಹಾದದ್ದನ್ನ ನೋಡಿದ್ದಾಗಿ ಹೇಳಿದರು. ಭಕ್ತರು ಆ ಉಲ್ಕೆಯನ್ನ ನೆನಪಿಟ್ಟುಕೊಂಡಿದ್ದಾರೆ. ನನಗೆ ನೆನಪಲ್ಲಿ ಉಳಿದದ್ದು ಆ ಸಾಲು.

ಅದೇ ಮದ್ರಾಸ್ ಪ್ರಾಂತ್ಯದಲ್ಲಿ ಕ್ಯಾನ್ಸರ್ ಸಾವೊಂದನ್ನ ಬೇರೆ ರೀತಿ ಎದುರಿಸಿದ ಇನ್ನೊಬ್ಬರಿದ್ದರು, ಡಾ. ಮುತ್ತುಲಕ್ಷ್ಮಿ ರೆಡ್ಡಿ. ದೇವದಾಸಿ ಸಮುದಾಯದ ತಾಯಿಯ ಮಗಳು, ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದವರು, ಮದ್ರಾಸ್ ವಿಧಾನ ಪರಿಷತ್ತಿನ ಮೊದಲ ಮಹಿಳೆ, ದೇವದಾಸಿ ಪದ್ಧತಿಯ ವಿರುದ್ಧ ಶಾಸನಕ್ಕಾಗಿ ಹೋರಾಡಿದವರು. ಅವರ ತಂಗಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಆ ದುಃಖವನ್ನ ಅವರು ವರ್ಷಾನುಗಟ್ಟಲೆ ಒಂದು ಬೇಡಿಕೆಯಾಗಿ ಹೊತ್ತು ತಿರುಗಿದರು. ಕ್ಯಾನ್ಸರ್ ಬಂದವರು ಹೇಗೂ ಸಾಯುತ್ತಾರೆ, ಅವರಿಗೊಂದು ಆಸ್ಪತ್ರೆ ಯಾಕೆ ಅನ್ನೋ ಕಾಲ ಅದು. 1954ರಲ್ಲಿ ಅಡ್ಯಾರಿನಲ್ಲಿ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ರಮಣರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನಮ್ಮ ವಾಟ್ಸಾಪ್ ಗ್ರೂಪಿಗೆ ಅವರ ಫೋಟೋ ಯಾವತ್ತೂ ಬಂದಿಲ್ಲ.

ಅತ್ತೆಯ ಗಂಟು

ನಮ್ಮತ್ತೆ ಗಾರ್ಮೆಂಟ್ಸ್ ಕೆಲಸದವರು, ಟೈಲರ್. ಬಲ ತೋಳಿನಲ್ಲಿ ನೆಲ್ಲಿಕಾಯಿಯಷ್ಟು ಗಂಟು ಎದ್ದಾಗ ಊರ ಕಡೆಯ ಒಂದು ನರ್ಸಿಂಗ್ ಹೋಮಿನಲ್ಲಿ ತೋರಿಸಿದರು. ಕೊಬ್ಬಿನ ಗಂಟು, ಅರ್ಧ ಗಂಟೆ ಕೆಲಸ ಅಂದರು. ತೆಗೆದರು, ನಾಲ್ಕು ಹೊಲಿಗೆ, ಸಂಜೆ ಮನೆಗೆ. ತೆಗೆದದ್ದನ್ನ ಟ್ರೇಯಲ್ಲಿ ತೋರಿಸಿದ್ದು ಅತ್ತೆಗೆ ನೆನಪಿದೆ. ಅದನ್ನ ಏನು ಮಾಡಿದರು ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೇಳಬೇಕು ಅಂತಲೇ ನಮಗೆ ಗೊತ್ತಿರಲಿಲ್ಲ. ಏಳು ತಿಂಗಳಾದ ಮೇಲೆ ಹೊಲಿಗೆಯ ಗುರುತಿನ ಪಕ್ಕದಲ್ಲೇ ಗಂಟು ಮತ್ತೆ ಎದ್ದಿತು. ಆಗಲೂ ಒಂದಷ್ಟು ದಿನ ಮಷಿನ್ ತುಳಿದು ಊದಿಕೊಂಡಿದೆ ಅಂತಲೇ ಅಂದುಕೊಂಡರು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ಹಿಂದಿನ ಗಂಟಿನ ರಿಪೋರ್ಟ್ ಎಲ್ಲಿ. ಚೀಲದಲ್ಲಿ ಬಿಲ್ ಇತ್ತು, ಮಾತ್ರೆ ಚೀಟಿ ಇತ್ತು, ರಿಪೋರ್ಟ್ ಇರಲಿಲ್ಲ.

ಅತ್ತೆಗೆ ರಮಣರ ನಾಲ್ಕು ಆಪರೇಷನ್‌ಗಳ ಕಥೆ ಹೇಳಿದೆ. ಪೂರ್ತಿ ಕೇಳಿದರು. ಅವರಿಗೂ ಮಾಡಿದ್ದರಾ ಅಂತ ಒಂದೇ ಮಾತು ಕೇಳಿ, ಮರುದಿನ ರೇಡಿಯೇಷನ್‌ಗೆ ಹೆಸರು ಬರೆಸೋಕೆ ಬಂದರು. ಅಗಲವಾಗಿ ಮತ್ತೆ ಆಪರೇಷನ್ ಆಯಿತು, ವಾರಗಟ್ಟಲೆ ರೇಡಿಯೇಷನ್ ಆಯಿತು. ತೋಳು ಉಳಿದಿದೆ. ಆದರೆ ದಿನಕ್ಕೆ ಎಂಟು ಗಂಟೆ ಮಷಿನ್ ಮುಂದೆ ಕೂರುವ ಶಕ್ತಿ ಆ ತೋಳಿಗೆ ಇಲ್ಲ, ಕೆಲಸ ಹೋಯಿತು. ಮೊದಲ ಸಲವೇ ಆ ಗಂಟು ಟ್ರೇಯಿಂದ ಡಬ್ಬಿಗೆ ಹೋಗಿದ್ದರೆ ಏಳು ತಿಂಗಳು ಉಳಿಯುತ್ತಿತ್ತು.

ಇದನ್ನ ಒಬ್ಬ ಡಾಕ್ಟರನ ತಪ್ಪು ಅಂತ ಬೈದು ಮುಗಿಸೋದು ಸುಲಭ, ಅದರಿಂದ ಮುಂದಿನ ಹೆಂಗಸಿಗೆ ಏನೂ ಸಿಗಲ್ಲ. ಕೇಳಬೇಕಾದ್ದು ವ್ಯವಸ್ಥೆಯನ್ನ. ಮನುಷ್ಯನ ಮೈಯಿಂದ ತೆಗೆದ ಪ್ರತಿ ಗಂಟೂ, ಸರ್ಕಾರಿ ಇರಲಿ ಖಾಸಗಿ ಇರಲಿ, ಲ್ಯಾಬಿಗೆ ಹೋಗಲೇಬೇಕು, ಅದರ ರಿಪೋರ್ಟ್ ರೋಗಿಯ ಕೈ ಸೇರಲೇಬೇಕು. ಆ ಪರೀಕ್ಷೆಯ ಖರ್ಚು ಬಡವರ ಜೇಬಿಗೆ ಬೀಳಬಾರದು. ತಾಲ್ಲೂಕಿಗೊಬ್ಬ ಪ್ಯಾಥಾಲಜಿಸ್ಟ್ ಎಲ್ಲಿಂದ ತರೋದು ಅಂತ ಕೇಳಬಹುದು. ತರಬೇಕಿಲ್ಲ. ರಾಜ್ಯದ ಹಲವು ಜಿಲ್ಲೆಗಳಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ, ಅಲ್ಲಿ ಪ್ಯಾಥಾಲಜಿ ವಿಭಾಗಗಳಿವೆ. ಕ್ಷಯರೋಗದ ಪರೀಕ್ಷೆಗೆ ಹಳ್ಳಿಯಿಂದ ಕಫದ ಮಾದರಿ ಲ್ಯಾಬಿಗೆ ಸಾಗಿಸುವ ವ್ಯವಸ್ಥೆಯನ್ನ ಇದೇ ಸರ್ಕಾರಗಳು ಮಾಡಿವೆ. ಫಾರ್ಮಲಿನ್‌ನಲ್ಲಿಟ್ಟ ಗಂಟು ಅದಕ್ಕಿಂತ ಸುಲಭವಾಗಿ ಪ್ರಯಾಣ ಮಾಡುತ್ತದೆ, ದಾರಿಯಲ್ಲಿ ಒಂದೆರಡು ದಿನ ತಡವಾದರೂ ಕೆಡಲ್ಲ.

ಅಲ್ಲಿವರೆಗೆ ನಾವು ಮಾಡಬಹುದಾದ್ದೂ ಇದೆ. ಮನೆಯಲ್ಲಿ ಯಾರಿಗಾದರೂ ಗಂಟು ತೆಗೆಸುವಾಗ ಜೊತೆಗೆ ಹೋಗಿ, ಬಯಾಪ್ಸಿಗೆ ಕಳಿಸುತ್ತೀರಾ ಅಂತ ಕೇಳಿ. ರಿಪೋರ್ಟ್ ಯಾವತ್ತು ಬರುತ್ತೆ ಅಂತ ಕೇಳಿ, ಆ ದಿನ ಹೋಗಿ ಇಸ್ಕೊಂಡು ಬನ್ನಿ, ಮನೆಯಲ್ಲಿ ಜೋಪಾನವಾಗಿ ಇಡಿ. ಒಮ್ಮೆ ತೆಗೆದ ಜಾಗದಲ್ಲಿ ಮತ್ತೆ ಗಂಟು ಎದ್ದರೆ ಒಂದು ವಾರವೂ ಕಾಯಬೇಡಿ.

ರಮಣರು ತಮಗೆಂದು ತಂದ ಟಾನಿಕ್ಕನ್ನ ಎಲ್ಲರಿಗೂ ಹಂಚಿ ಅಂದವರು. ತೋಳಿನ ಗಂಟಿನ ವಿಷಯದಲ್ಲಿ ಅವರಿಗೆ ಸಿಕ್ಕಿದ್ದು ಮದ್ರಾಸಿನ ಸರ್ಜನ್, ಸೂಕ್ಷ್ಮದರ್ಶಕದ ಉತ್ತರ, ಅದನ್ನ ಮುಖಕ್ಕೆ ಮುಖ ಕೊಟ್ಟು ಹೇಳಿದ ಡಾಕ್ಟರುಗಳು. ಅವರ ಹೆಸರಿನಲ್ಲಿ ಏನನ್ನಾದರೂ ಫಾರ್ವರ್ಡ್ ಮಾಡಲೇಬೇಕು ಅನ್ನೋರು ಇದನ್ನ ಮಾಡಲಿ. ನಮ್ಮ ಚಿಕ್ಕಪ್ಪನಿಗೆ ನಾನು ಈಗಾಗಲೇ ಕಳಿಸಿದ್ದೇನೆ.